ದುಬೈ ಹತ್ತಿರ, ದೇವದುರ್ಗ ದೂರ

ರಾಯಚೂರಿಗೂ ವಿಮಾನ ಬರುತ್ತದಂತೆ. ನಗರದ ಹೊರಗಿನ ಯರಮರಸ್‌ನಲ್ಲಿ ನಿಲ್ದಾಣ ಕಟ್ಟುವ ಯೋಜನೆ ಬಹಳ ವರ್ಷಗಳ ಬೇಡಿಕೆಯ ನಂತರ ಈಗ ಮಾತಿನ ಹಂತ ದಾಟಿದೆ. ಎಟಿಆರ್-72 ಮಾದರಿಯ, ಎಪ್ಪತ್ತು ಚಿಲ್ಲರೆ ಜನ ಕೂರುವ ಫ್ಯಾನಿನ ವಿಮಾನ ಇಳಿಯುವಷ್ಟು ದೊಡ್ಡ ನಿಲ್ದಾಣ. ಕರಾವಳಿಯ ಓದುಗರಿಗೆ ಇದು ಎಲ್ಲಿಯದೋ ಊರಿನ ಸುದ್ದಿ ಅನ್ನಿಸಬಹುದು. ಬಜ್ಪೆಯಲ್ಲಿ ದಿನಾ ವಿಮಾನದ ಸದ್ದು ಕೇಳಿ ಬೆಳೆದವರಿಗೆ ರಾಯಚೂರಿನ ವಿಮಾನದಲ್ಲಿ ಎಂತ ವಿಶೇಷ?

ವಿಶೇಷ ಉಂಟು. ನಮ್ಮ ಕಡೆಯ ಎಷ್ಟೋ ಉಸ್ತಾದರು ಇವತ್ತು ರಾಯಚೂರು, ದೇವದುರ್ಗ, ಮಾನ್ವಿ ಕಡೆಯ ಮದ್ರಸಗಳಲ್ಲಿ ಕಲಿಸುತ್ತಿದ್ದಾರೆ. ಅಲ್ಲಿ ನಮ್ಮನ್ನು ಉಸ್ತಾದ್ ಅನ್ನುವುದಿಲ್ಲ, ಹಜ್ರತ್ ಅನ್ನುತ್ತಾರೆ. ಹಾಗೆಯೇ ಆ ಕಡೆಯ ಜನ ನಮ್ಮ ಊರಿಗೆ ಬಂದು ಕಲ್ಲು ಹೊರುತ್ತಾರೆ, ಸೆಂಟ್ರಿಂಗ್ ಕಟ್ಟುತ್ತಾರೆ, ರಸ್ತೆಗೆ ಡಾಂಬರು ಹಾಕುತ್ತಾರೆ. ನಾವು ಅವರನ್ನು ಒಂದೇ ಮಾತಲ್ಲಿ ‘ಘಟ್ಟದ ಮೇಲಿನವರು’ ಅಂದು ಮುಗಿಸುತ್ತೇವೆ. ಎರಡೂ ಕಡೆಯವರಿಗೆ ಊರಿಗೆ ಹೋಗಿ ಬರುವುದೇ ವರ್ಷದ ದೊಡ್ಡ ಲೆಕ್ಕಾಚಾರ. ಆದ್ದರಿಂದ ಈ ಸಲ ಸ್ವಲ್ಪ ದೂರದ ಲೆಕ್ಕ ಮಾಡೋಣ ಅಂತ.

ಈಗಿನ ಮಕ್ಕಳಿಗೆ ಮೊಬೈಲ್ ಸಿಕ್ಕಿದರೆ ಸಾಕು, ಲೋಕದ ಯಾವ ಎರಡು ಊರಿನ ಹೆಸರು ಕೊಟ್ಟರೂ ವಿಮಾನದ ದೂರ ಇಷ್ಟು, ಸಮಯ ಇಷ್ಟು ಅಂತ ಒಂದೇ ಕ್ಷಣಕ್ಕೆ ಹೇಳುತ್ತಾರೆ. ಮಂಗಳೂರು–ರಾಯಚೂರು ಹಾಕಿದರೆ ಸುಮಾರು 450 ಕಿ.ಮೀ., ಒಂದು ಗಂಟೆ ಅಂತ ಬರುತ್ತದೆ. ಆ ದಾರಿಯಲ್ಲಿ ವಿಮಾನವೇ ಇಲ್ಲ, ರಾಯಚೂರಿನಲ್ಲಿ ಇಳಿಯಲು ಜಾಗವೇ ಇಲ್ಲ, ಆದರೂ ಲೆಕ್ಕ ಮಾತ್ರ ರೆಡಿ. ಆ ಲೆಕ್ಕ ಹೇಗೆ ಬರುತ್ತದೆ ಅಂದರೆ, ಭೂಮಿ ದುಂಡಗೆ ಇರುವುದರಿಂದ ಅದರ ಮೇಲೆ ಎರಡು ಊರಿನ ಮಧ್ಯೆ ಅತಿ ಚಿಕ್ಕ ಗೆರೆ ಎಳೆಯುತ್ತಾರೆ. ಮೂಸಂಬಿ ಹಣ್ಣಿನ ಮೇಲೆ ಒಂದು ಬಿಂದುವಿನಿಂದ ಇನ್ನೊಂದಕ್ಕೆ ದಾರ ಬಿಗಿಯಾಗಿ ಹಿಡಿದ ಹಾಗೆ. ಆ ದಾರದ ಉದ್ದವನ್ನು ವಿಮಾನದ ಸಾಮಾನ್ಯ ವೇಗದಿಂದ ಭಾಗಿಸಿ, ಏರಲು ಇಳಿಯಲು ಅರ್ಧ ಗಂಟೆ ಸೇರಿಸಿದರೆ ಸಮಯ ಸಿಕ್ಕಿತು. ದಾರಿಯಲ್ಲಿ ಘಟ್ಟ ಉಂಟೋ, ಹೊಳೆ ಉಂಟೋ, ಬಸ್ ಎಷ್ಟು ಹೊತ್ತಿಗೆ ಅಂತ ದಾರಕ್ಕೆ ಗೊತ್ತಿಲ್ಲ.

ಅದೇ ದಾರವನ್ನು ದುಬೈಗೆ ಎಳೆದು ನೋಡಿ. ಮಂಗಳೂರಿನಿಂದ ದುಬೈಗೆ ಸುಮಾರು 2,450 ಕಿ.ಮೀ. ರಾಯಚೂರಿನಿಂದ ದುಬೈಗೆ ಸುಮಾರು 2,500. ಆಕಾಶದಲ್ಲಿ ನಮಗೂ ಅವರಿಗೂ ಇರುವ ವ್ಯತ್ಯಾಸ ಬರೀ 50 ಕಿ.ಮೀ.ಯ ಆಸುಪಾಸು, ವಿಮಾನಕ್ಕೆ ನಾಲ್ಕೈದು ನಿಮಿಷದ ಮಾತು. ಇಷ್ಟು ಹತ್ತಿರದ ಲೆಕ್ಕ ಇರುವಾಗ ಬ್ಯಾರಿಗಳ ಪ್ರತಿ ಎರಡನೇ ಮನೆಯಲ್ಲಿ ಒಬ್ಬ ಗಲ್ಫಿನವ ಇದ್ದಾನೆ, ದೇವದುರ್ಗದಲ್ಲಿ ಅಂತಹವರನ್ನು ಹುಡುಕಬೇಕು. ಅಲ್ಲಿನವರು ಹೋಗುವುದು ಬೆಂಗಳೂರು, ಪುಣೆ, ಹೈದರಾಬಾದ್‌ಗೆ, ಅದೂ ಸಂಸಾರ ಸಮೇತ, ಪಾತ್ರೆ ಪಗಡ ಕಟ್ಟಿಕೊಂಡು. ಅದಕ್ಕೆ ಅಲ್ಲಿ ‘ಗುಳೆ’ ಅಂತ ಹೆಸರು. ಇದಕ್ಕೆಲ್ಲ ದಾರಿಯೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಓದು, ಪರಿಚಯದವರು, ವೀಸಾ ಕೊಡಿಸುವ ನೆಂಟರು ಎಲ್ಲ ಬೇಕಾಗುತ್ತದೆ. ಆದರೆ ದಾರಿಯ ಪಾಲು ಸಣ್ಣದಲ್ಲ.

ನಮ್ಮ ಹಿರಿಯರ ಕಾಲ ನೆನಪು ಮಾಡಿಕೊಂಡರೆ ಇದು ಅರ್ಥ ಆದೀತು. ಮೊದಲು ಗಲ್ಫಿಗೆ ಹೋಗುವವರು ಬೊಂಬಾಯಿಗೆ ಹೋಗಿ ಅಲ್ಲಿಂದ ದ್ವಾರಕಾ ಹಡಗು ಹತ್ತಬೇಕಿತ್ತು. ನಂತರ ಬೊಂಬಾಯಿಯಿಂದ ವಿಮಾನ. 1988ರಲ್ಲಿ ಕರಿಪುರದ ನಿಲ್ದಾಣ ಆದ ಮೇಲೆ ಕೋಝಿಕ್ಕೋಡ್ ದಾರಿಯೂ ತೆರೆಯಿತು. 1998ರಲ್ಲಿ ಕೊಂಕಣ ರೈಲು ಪೂರ್ತಿ ಆಗುವವರೆಗೆ ಬೊಂಬಾಯಿಗೆ ಬಸ್ಸಿನಲ್ಲಿ ಹೋದವರ ಸೊಂಟ ಆ ಪ್ರಯಾಣವನ್ನು ಇನ್ನೂ ಮರೆತಿರಲಿಕ್ಕಿಲ್ಲ. ಬಜ್ಪೆ ನಿಲ್ದಾಣ 1951ರಿಂದಲೇ ಇದ್ದರೂ ಅಲ್ಲಿಂದ ದುಬೈಗೆ ನೇರ ವಿಮಾನ ಬಂದದ್ದು 2006ರಲ್ಲಿ. ಆ ಒಂದು ದಿನದಲ್ಲಿ ಮಂಗಳೂರಿಗೂ ದುಬೈಗೂ ಇರುವ ಕಿಲೋಮೀಟರ್ ಒಂದೂ ಕಡಿಮೆ ಆಗಲಿಲ್ಲ, ಆದರೆ ದುಬೈ ಹತ್ತಿರ ಬಂತು. ಅಸರ್ ನಮಾಝ್ ಮುಗಿಸಿ ಮನೆಯಿಂದ ಹೊರಟವ ಆ ರಾತ್ರಿಯೇ ದೇರಾದ ರೂಮಿನಲ್ಲಿ ಊಟ ಮಾಡುವ ಹಾಗಾಯಿತು.

ಇಲ್ಲಿ ಒಂದು ಸಣ್ಣ ವಿಷಯ ಹೇಳಿ ಮುಂದೆ ಹೋಗುತ್ತೇನೆ, ಯಾಕೆಂದರೆ ಇದರಲ್ಲಿ ತುಂಬ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಟಿಕೆಟಿನಲ್ಲಿ ಮಂಗಳೂರು ಬಿಡುವುದು 8 ಗಂಟೆ, ದುಬೈ ತಲುಪುವುದು 10 ದಾಟಿ ಅಂತ ಇರುತ್ತದೆ. ಎರಡೇ ಗಂಟೆಯ ದಾರಿ ಅಂತ ಮನೆಯವರು ತಿಳಿದುಕೊಳ್ಳುತ್ತಾರೆ. ಎರಡೂ ಕಡೆ ಬರೆಯುವುದು ಆಯಾ ಊರಿನ ಗಡಿಯಾರ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಸೌದಿ ಎರಡೂವರೆ ಗಂಟೆ ಹಿಂದೆ. ಅದನ್ನು ಸೇರಿಸಿದರೆ ಹಾರುವ ಹೊತ್ತು ಮೂರೂವರೆ, ಮೂರೂ ಮುಕ್ಕಾಲು ಗಂಟೆ. ಚಳಿಗಾಲದಲ್ಲಿ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುವುದರಿಂದ ಬರುವಾಗ ಸ್ವಲ್ಪ ಬೇಗ ತಲುಪುತ್ತದೆ, ಹೋಗುವಾಗ ಸ್ವಲ್ಪ ತಡ. ಗಾಳಿಯ ಹಾಗೆಯೇ ರಾಜಕೀಯವೂ ಗಂಟೆಯನ್ನು ಉದ್ದ ಮಾಡುತ್ತದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದ ಮೇಲೆ ದಿಲ್ಲಿಯಿಂದ ಪಶ್ಚಿಮಕ್ಕೆ ಹೋಗುವವರು ಸುತ್ತು ಹಾಕಬೇಕಾಯಿತು. ನಮ್ಮದು ಅರಬಿ ಸಮುದ್ರದ ಮೇಲಿನ ದಾರಿ, ಆ ತೊಂದರೆ ನಮಗೆ ತಟ್ಟಲಿಲ್ಲ.

ಈಗ ನೆಲಕ್ಕೆ ಬರೋಣ. ಮಂಗಳೂರಿನಿಂದ ರಾಯಚೂರಿಗೆ ಬಸ್ಸಿನಲ್ಲಿ ಹೋಗುವುದಾದರೆ ಘಟ್ಟ ಹತ್ತಿ, ಶಿವಮೊಗ್ಗ, ಹೊಸಪೇಟೆ, ಗಂಗಾವತಿ, ಸಿಂಧನೂರು, ಮಾನ್ವಿ ಅಂತ ಹೋಗುತ್ತಾ ಇರಬೇಕು. ರಸ್ತೆಯಲ್ಲಿ 600 ಕಿ.ಮೀ.ಯ ಹತ್ತಿರ. ಎಲ್ಲ ಸರಿ ಇದ್ದರೆ 13–14 ಗಂಟೆ. ಮಳೆಗಾಲದಲ್ಲಿ ಘಟ್ಟ ಕುಸಿದರೆ ಅದೂ ಇಲ್ಲ, ಎಲ್ಲಿಗೆ ಸುತ್ತು ಹಾಕಿಸುತ್ತಾರೋ ಡ್ರೈವರಿಗೂ ಗೊತ್ತಿರುವುದಿಲ್ಲ. ಆಕಾಶದ 450 ಕಿ.ಮೀ.ಯನ್ನು 14 ಗಂಟೆಯಿಂದ ಭಾಗಿಸಿ ನೋಡಿ: ಗಂಟೆಗೆ 32 ಕಿ.ಮೀ. ಮಂಗಳೂರಿನಿಂದ ದುಬೈಗೆ ಅದೇ ಲೆಕ್ಕ ಹಾಕಿದರೆ ಗಂಟೆಗೆ 650ಕ್ಕಿಂತ ಮೇಲೆ. ಒಂದೇ ಊರಿನಿಂದ ಹೊರಟ ಇಬ್ಬರಲ್ಲಿ ಒಬ್ಬ ವಿಮಾನದಲ್ಲಿ, ಇನ್ನೊಬ್ಬ ಸೈಕಲನ್ನು ಜೋರು ತುಳಿದ ಹಾಗೆ.

ಇನ್ನು ದೇವದುರ್ಗದವನೊಬ್ಬ ದುಬೈಗೆ ಹೊರಟ ಅಂತ ಇಟ್ಟುಕೊಳ್ಳಿ. ದೇವದುರ್ಗದಿಂದ ರಾಯಚೂರಿಗೆ 55–60 ಕಿ.ಮೀ., ಬಸ್ ಸಿಕ್ಕಿ ಹೋಗಲಿಕ್ಕೆ ಎರಡು ಗಂಟೆ ಹಿಡಿಯಿರಿ. ರಾಯಚೂರಿನಿಂದ ಮಖ್ತಲ್, ಜಡ್ಚರ್ಲಾ ದಾರಿಯಾಗಿ ಹೈದರಾಬಾದಿನ ಶಂಶಾಬಾದ್ ನಿಲ್ದಾಣಕ್ಕೆ ನಾಲ್ಕು ಗಂಟೆ. ಅಲ್ಲಿ ಮೂರು ಗಂಟೆ ಮುಂಚೆ ಇರಬೇಕು. ಹಾರುವುದು ಸುಮಾರು ನಾಲ್ಕು ಗಂಟೆ. ಇಳಿದು ಪಾಸ್‌ಪೋರ್ಟ್, ಲಗೇಜು ಅಂತ ಹೊರಗೆ ಬರಲು ಒಂದೂವರೆ. ಒಟ್ಟು 14½ ಗಂಟೆ. ಅದರಲ್ಲಿ ಆಕಾಶದಲ್ಲಿ ಇದ್ದದ್ದು ನಾಲ್ಕೇ. ಫರಂಗಿಪೇಟೆಯವನ ಲೆಕ್ಕ ಹಾಕಿದರೆ ಮನೆಯಿಂದ ಬಜ್ಪೆ ಒಂದು ಗಂಟೆ, ಅಲ್ಲಿ ಮೂರು, ಹಾರುವುದು ಮೂರೂ ಮುಕ್ಕಾಲು, ಹೊರಗೆ ಬರಲು ಒಂದೂವರೆ: ಒಂಬತ್ತು ಚಿಲ್ಲರೆ ಗಂಟೆ.

ಇದಕ್ಕಿಂತ ಆಶ್ಚರ್ಯದ್ದು ಇನ್ನೊಂದು. ಅದೇ ದೇವದುರ್ಗದವ ಮಂಗಳೂರಿಗೆ ಸೆಂಟ್ರಿಂಗ್ ಕೆಲಸಕ್ಕೆ ಬರಬೇಕಾದರೂ ಹದಿನಾಲ್ಕು ಹದಿನೈದು ಗಂಟೆಯೇ ಬೇಕು. ಅಂದರೆ ಅವನಿಗೆ ಮಂಗಳೂರೂ ದುಬೈಯೂ ಒಂದೇ ದೂರ. ನಮಗಾದರೋ ದುಬೈಗಿಂತ ದೇವದುರ್ಗ ದೂರ. ಒಂದೇ ರಾಜ್ಯ, ಒಂದೇ ಭಾಷೆ, ಒಂದೇ ವಿಧಾನಸೌಧ ಅಂತ ಹೇಳುತ್ತೇವೆ, ಗಡಿಯಾರ ಮಾತ್ರ ಬೇರೆ ಕಥೆ ಹೇಳುತ್ತದೆ ಮಾರಾಯ್ರೆ.

ಮದ್ರಸದಲ್ಲಿ ಕಸ್ರ್ ನಮಾಝಿನ ಪಾಠ ಮಾಡುವಾಗ ಈ ವಿಷಯ ಪ್ರತಿ ವರ್ಷ ಬರುತ್ತದೆ. ಕಿತಾಬುಗಳಲ್ಲಿ ಯಾತ್ರೆಯ ದೂರವನ್ನು ಮರ್ಹಲದಲ್ಲಿ ಹೇಳಿದ್ದಾರೆ, ಒಂದು ಮರ್ಹಲ ಅಂದರೆ ಹೊರೆ ಹೊತ್ತ ಪ್ರಾಣಿ ಒಂದು ದಿನದಲ್ಲಿ ನಡೆಯುವಷ್ಟು. ಆ ಕಾಲದಲ್ಲಿ ದೂರ ಮತ್ತು ಸಮಯ ಎರಡೂ ಒಂದೇ ಅಳತೆಯಲ್ಲಿ ಇತ್ತು. ದೂರ ಆದರೆ ಹೊತ್ತೂ ಆಗುತ್ತದೆ, ಶ್ರಮವೂ ಆಗುತ್ತದೆ. ಶಾಫಿಈ ಇಮಾಮರುಗಳು ಮುಂದಾಲೋಚನೆಯಿಂದ ಇನ್ನೊಂದು ಮಾತೂ ಬರೆದಿಟ್ಟಿದ್ದಾರೆ: ಅಷ್ಟು ದೂರವನ್ನು ಹಡಗಿನಲ್ಲಿ ಸ್ವಲ್ಪವೇ ಹೊತ್ತಿನಲ್ಲಿ ದಾಟಿದರೂ ಅವನು ಮುಸಾಫಿರನೇ. ವಿಮಾನದ ಕಾಲಕ್ಕೂ ಆ ಮಾತು ಸಾಕಾಗುತ್ತದೆ. ರಾಯಚೂರಿನ ಹನಫಿ ಸಹೋದರರು ಯಾತ್ರೆಯಲ್ಲಿ ಕಸ್ರ್ ಮಾಡುತ್ತಾರೆ, ನಮ್ಮ ಹಾಗೆ ಎರಡು ನಮಾಝನ್ನು ಜಮಾ ಮಾಡುವುದಿಲ್ಲ. ಮಂಗಳೂರು ಬಸ್ಸಿನಿಂದ ಇಳಿದ ನಾವು ಝುಹರಿನ ಹಿಂದೆಯೇ ಅಸರ್ ಕಟ್ಟುವುದನ್ನು ನೋಡಿ ಅಲ್ಲಿನ ಮಕ್ಕಳು ‘ಹಜ್ರತ್ ಟೈಮ್ ತಪ್ಪಿದ್ರು’ ಅಂತ ಪಿಸುಗುಟ್ಟುತ್ತಾರೆ. ಆಮೇಲೆ ಕೂರಿಸಿ ವಿವರಿಸಬೇಕು.

ಇನ್ನು ರೈಲಿನ ವಿಷಯ. ಇದನ್ನು ಕೇಳಿದರೆ ನಮ್ಮವರು ನಂಬಲಿಕ್ಕಿಲ್ಲ: ರೈಲಿನಲ್ಲಿ ರಾಯಚೂರು ಮಂಗಳೂರಿಗಿಂತ 36 ವರ್ಷ ಹಿರಿಯದು. ಬೊಂಬಾಯಿ ಕಡೆಯಿಂದ ಬಂದ ಹಳಿಯೂ ಮದ್ರಾಸ್ ಕಡೆಯಿಂದ ಬಂದ ಹಳಿಯೂ ಒಂದಕ್ಕೊಂದು ಸೇರಿದ್ದೇ ರಾಯಚೂರಿನಲ್ಲಿ, 1871ರಲ್ಲಿ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಇಂದಿಗೂ ಮುಂಬೈ–ಚೆನ್ನೈ ಮುಖ್ಯ ದಾರಿ ರಾಯಚೂರಿನ ಮೇಲೆಯೇ ಹೋಗುತ್ತದೆ. ಆದರೆ ಆ ಹಳಿ ಉತ್ತರ–ದಕ್ಷಿಣಕ್ಕೆ ಹೋಯಿತೇ ಹೊರತು ಜಿಲ್ಲೆಯ ಒಳಗೆ ತಿರುಗಲಿಲ್ಲ. ರಾಯಚೂರಿನಿಂದ 45 ಕಿ.ಮೀ. ಆಚೆ ಇರುವ ಮಾನ್ವಿಗೆ ಒಂದೂವರೆ ಶತಮಾನ ಕಳೆದರೂ ರೈಲಿನ ಸಿಳ್ಳೆ ಕೇಳಿಸಲಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದು ಭತ್ತ ಬೆಳೆಯುವ ಊರು, ಆ ಭತ್ತ ಅಕ್ಕಿ ಎಲ್ಲ ಲಾರಿಯಲ್ಲೇ ಹೋಗಬೇಕು. ದೇವದುರ್ಗಕ್ಕೆ ಕೃಷ್ಣೆಯ ನಾರಾಯಣಪುರ ಬಲದಂಡೆ ಕಾಲುವೆ ಬಂತು, ರೈಲು ಅಲ್ಲಿಗೂ ಇಲ್ಲ.

ಗಿಣಿಗೇರಾ–ಮಹಬೂಬ್‌ನಗರ ಹೊಸ ರೈಲು ದಾರಿ ಮಂಜೂರಾದದ್ದು 1990ರ ದಶಕದಲ್ಲಿ. ಆಗ ಹುಟ್ಟಿದ ಮಕ್ಕಳಿಗೆ ಈಗ ಮಕ್ಕಳಾಗಿವೆ. ಒಂದು ಕಡೆಯಿಂದ ಗಂಗಾವತಿ, ಕಾರಟಗಿ ದಾಟಿ 2024ರಲ್ಲಿ ಸಿಂಧನೂರಿಗೆ ರೈಲು ಬಂತು. ಇನ್ನೊಂದು ಕಡೆ ತೆಲಂಗಾಣದ ಭಾಗ ಮುಗಿದು 2023ರ ಅಕ್ಟೋಬರ್ 1ರಂದು ಕೃಷ್ಣಾ ನಿಲ್ದಾಣಕ್ಕೆ ಕೂಡಿಕೊಂಡಿತು, ಹೈದರಾಬಾದಿನ ಕಾಚಿಗುಡದಿಂದ ರಾಯಚೂರಿಗೆ ಆ ದಾರಿಯಲ್ಲಿ ರೈಲು ಶುರುವಾಯಿತು. ಎರಡು ತುದಿ ಸಿಕ್ಕಿತು, ಮಧ್ಯದ ಸಿಂಧನೂರು–ಮಾನ್ವಿ–ರಾಯಚೂರು ತುಂಡು ಬಾಕಿ. ಆ ತುಂಡು ಸೇರಿದ ದಿನ ಹುಬ್ಬಳ್ಳಿಯಿಂದ ಹೈದರಾಬಾದ್‌ವರೆಗೆ ಮಾನ್ವಿಯ ಮೇಲೆ ಹಳಿ ಇರುತ್ತದೆ. ನಮಗೂ ಅದರಲ್ಲಿ ಪಾಲು ಉಂಟು: 2019ರಿಂದ ಓಡುತ್ತಿರುವ ವಿಜಯಪುರ–ಮಂಗಳೂರು ರೈಲು ಗದಗದ ಮೇಲೆ ಹೋಗುತ್ತದೆ. ಗದಗದಲ್ಲಿ ಇಳಿದು ಸಿಂಧನೂರಿನ ರೈಲು ಹಿಡಿಯಬಹುದು, ಆದರೆ ಅದಕ್ಕೂ ಇದಕ್ಕೂ ಹೊತ್ತು ಹೊಂದಿಕೊಳ್ಳಬೇಕಲ್ಲ. ರಜೆಗೆ ಊರಿಗೆ ಹೊರಟ ಒಬ್ಬ ಉಸ್ತಾದ್ ಪ್ಲಾಟ್‌ಫಾರ್ಮಿನಲ್ಲಿ ಎಷ್ಟು ಹೊತ್ತು ಕೂರಬಹುದು? ಹಾಗಾಗಿ ಎಲ್ಲರೂ ಕೊನೆಗೆ ಬಸ್ಸಿಗೇ ಬರುತ್ತಾರೆ.

ಈಗ ಯರಮರಸ್‌ನ ವಿಮಾನಕ್ಕೆ ಬರುತ್ತೇನೆ. ಎಟಿಆರ್ ವಿಮಾನದ ವೇಗ ಗಂಟೆಗೆ 500 ಕಿ.ಮೀ.ಯ ಸುತ್ತಮುತ್ತ. ಬೆಂಗಳೂರಿಗೆ ನೇರ ಗೆರೆಯಲ್ಲಿ ಸುಮಾರು 360 ಕಿ.ಮೀ., ಅಂದರೆ ಏರಿ ಇಳಿಯುವುದು ಸೇರಿ ಒಂದು ಗಂಟೆ ಹತ್ತು ನಿಮಿಷ. ಆದರೆ ದೇವದುರ್ಗದ ಮನೆಯಿಂದ ಲೆಕ್ಕ ಹಿಡಿದರೆ ರಾಯಚೂರಿಗೆ ಎರಡು ಗಂಟೆ, ನಿಲ್ದಾಣದಲ್ಲಿ ಒಂದು, ಹಾರಲು ಒಂದು ಚಿಲ್ಲರೆ, ಕೆಂಪೇಗೌಡ ನಿಲ್ದಾಣದಿಂದ ಮೆಜೆಸ್ಟಿಕ್‌ಗೆ ಬೆಂಗಳೂರಿನ ಟ್ರಾಫಿಕ್‌ನಲ್ಲಿ ಒಂದೂವರೆ: ಆರು ಗಂಟೆ. ರೈಲಿನಲ್ಲಾದರೆ ಹತ್ತು. ನಾಲ್ಕು ಗಂಟೆಯ ಉಳಿತಾಯ. ಆದರೆ ರೈಲಿನ ಹತ್ತರಲ್ಲಿ ಏಳು ಗಂಟೆ ರಾತ್ರಿ ಮಲಗಿ ಹೋಗುವುದು, ಬೆಳಿಗ್ಗೆ ಎದ್ದರೆ ಬೆಂಗಳೂರು. ಕೋರ್ಟಿಗೆ, ಆಸ್ಪತ್ರೆಗೆ, ಆಫೀಸಿಗೆ ಹೋಗುವವರಿಗೆ ಆ ರಾತ್ರಿ ರೈಲೇ ಹೆಚ್ಚು ಅನುಕೂಲ. ವಿಮಾನ ನಡು ಮಧ್ಯಾಹ್ನ ಬಂದು ಸಂಜೆ ಬೆಂಗಳೂರಿಗೆ ಇಳಿಸಿದರೆ ಒಂದು ದಿನ ಲಾಡ್ಜಿನ ಬಾಡಿಗೆಯೂ ಸೇರುತ್ತದೆ.

ಹಾಗಂತ ವಿಮಾನ ಬೇಡ ಅಂತ ಅಲ್ಲ. ಶಕ್ತಿನಗರದ 1,720 ಮೆಗಾವಾಟ್, ಯರಮರಸ್‌ನ 1,600 ಮೆಗಾವಾಟ್ ಸ್ಥಾವರಗಳಲ್ಲಿ ಕಲ್ಲಿದ್ದಲು ಸುಟ್ಟು ಹೊಗೆಯನ್ನು ತಾನು ಇಟ್ಟುಕೊಂಡು ರಾಜ್ಯಕ್ಕೆ ಕರೆಂಟ್ ಕೊಡುವ ಜಿಲ್ಲೆ ಅದು. ಹಟ್ಟಿಯಲ್ಲಿ ಚಿನ್ನ ತೆಗೆಯುವ ಜಿಲ್ಲೆ ಅದು. ಅಲ್ಲಿಗೊಂದು ವಿಮಾನ ಬರುವುದು ದಾನ ಅಲ್ಲ, ಹಕ್ಕು. ನನ್ನ ಚಿಂತೆ ಬೇರೆ. ಬಂದ ವಿಮಾನ ಉಳಿಯುತ್ತದೋ ಅಂತ.

ಪಕ್ಕದ ಕಲಬುರಗಿಯನ್ನು ನೋಡಿ. 2019ರ ನವೆಂಬರ್ 22ರಂದು ನಿಲ್ದಾಣ ಶುರುವಾಯಿತು, ಮೂರು ಕಿ.ಮೀ. ದಾಟಿದ ರನ್‌ವೇ. ದೊಡ್ಡ ವಿಮಾನವೂ ಇಳಿಯಬಹುದು. ಅಲ್ಲಿ ಹಾರಿದ್ದು ಉಡಾನ್ ಯೋಜನೆಯ ಸಹಾಯಧನದ ಬಲದಲ್ಲಿ. ಆ ಯೋಜನೆಯಲ್ಲಿ ಅರ್ಧದಷ್ಟು ಸೀಟಿನ ದರಕ್ಕೆ ಮಿತಿ ಹಾಕಿ, ಕಂಪೆನಿಗೆ ಆಗುವ ನಷ್ಟವನ್ನು ಸರಕಾರ ಮೂರು ವರ್ಷ ತುಂಬಿ ಕೊಡುತ್ತದೆ. ಮೂರು ವರ್ಷ ಮುಗಿದ ಮೇಲೆ ಕಂಪೆನಿಗಳು ಲೆಕ್ಕ ನೋಡಿದವು, ಒಂದೊಂದೇ ಸೇವೆ ನಿಂತಿತು. 2025ರಲ್ಲಿ ಬೆಂಗಳೂರಿನ ವಿಮಾನವೂ ನಿಂತಿತು. ಬೀದರಿನಲ್ಲಿ 2020ರ ಫೆಬ್ರವರಿಯಲ್ಲಿ ಶುರುವಾಗಿ, ನಡುವೆ ನಿಂತು, 2025ರ ಏಪ್ರಿಲ್‌ನಲ್ಲಿ ಮತ್ತೆ ಶುರುವಾಯಿತು. ರನ್‌ವೇ ಕಟ್ಟುವುದು ಒಂದು ಸಲದ ಖರ್ಚು, ಸೀಟು ತುಂಬುವುದು ದಿನಾ ಆಗಬೇಕಾದ ಕೆಲಸ. ಬಜ್ಪೆಯಲ್ಲಿ ಗುಡ್ಡದ ತಲೆಯ ಮೇಲಿನ ರನ್‌ವೇ, ಅದರ ಅಪಾಯ ಏನು ಅಂತ 2010ರ ಮೇ 22ರಂದು 158 ಜೀವ ಕಳೆದುಕೊಂಡು ನಾವು ತಿಳಿದೆವು. ಆದರೂ ಅಲ್ಲಿ ವಿಮಾನ ನಿಲ್ಲಲಿಲ್ಲ, ಯಾಕೆಂದರೆ ಹೋಗುವವರು ಇದ್ದರು, ಬರುವವರು ಇದ್ದರು. ಗಲ್ಫಿನ ರಜೆಯಲ್ಲಿ ದರ ಮೂರು ಪಟ್ಟು ಏರಿಸಿದರೂ ಬೈಯುತ್ತಾ ಟಿಕೆಟ್ ತೆಗೆಯುವ ಜನ ಇದ್ದರು.

ರಾಯಚೂರಿನಲ್ಲಿ ಹೋಗಿ ಬರುವ ಜನ ಇಲ್ಲ ಅಂತ ಯಾರಾದರೂ ಹೇಳಿದರೆ ಮೊಹರಂ ಸಮಯದಲ್ಲಿ ಅಲ್ಲಿನ ಬಸ್ ಸ್ಟ್ಯಾಂಡ್ ನೋಡಬೇಕು. ನಮ್ಮ ಪೆರ್ನಾಲಿಗೆ ಗಲ್ಫಿನವರು ಬಂದ ಹಾಗೆ ಅಲ್ಲಿ ಗುಳೆ ಹೋದವರು ಮೊಹರಂಗೆ ಊರಿಗೆ ಬರುತ್ತಾರೆ, ಮುಸ್ಲಿಮರಿಗಿಂತ ಹಿಂದೂಗಳೇ ಹೆಚ್ಚು. ಮುದಗಲ್ಲಿನ ಮೊಹರಂ ಅಂದರೆ ಆ ಇಡೀ ಸೀಮೆಗೆ ಹೆಸರು. (ಆ ಆಚರಣೆಯ ಬಗ್ಗೆ ನಮ್ಮ ಉಲಮಾಗಳ ಅಭಿಪ್ರಾಯ ಬೇರೆ, ಅದು ಈ ಬರಹದ ವಿಷಯವಲ್ಲ.) ಬೆಂಗಳೂರು, ಪುಣೆಯಿಂದ ಬರುವ ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಕ್ರೂಸರ್ ಗಾಡಿಯಲ್ಲಿ ಹತ್ತು ಜನರ ಜಾಗದಲ್ಲಿ ಇಪ್ಪತ್ತು ಜನ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡು ಇಲ್ಲ. ಗುಳೆ ಹೋದ ತಾಯಿ ಊರಲ್ಲಿ ಅಜ್ಜಿಯ ಹತ್ತಿರ ಬಿಟ್ಟ ಮಗುವನ್ನು ನೋಡಲು ಈಗ ವರ್ಷಕ್ಕೆ ಒಂದರ ಬದಲು ಮೂರು ನಾಲ್ಕು ಸಲ ಬರುತ್ತಾಳೆ. ಮಗುವಿನ ಮದ್ರಸದ ಹಾಜರಿ ಪುಸ್ತಕ ನೋಡಿದರೇ ನಮಗೆ ಗೊತ್ತಾಗುತ್ತದೆ, ಅಮ್ಮ ಬಂದ ದಿನ ಅವನು ಬರುವುದಿಲ್ಲ. ಆ ಹೆಂಗಸಿಗೆ ಬೆಂಗಳೂರನ್ನು ಹತ್ತಿರ ಮಾಡಿದ್ದು ಹಾರುವ ಯಂತ್ರ ಅಲ್ಲ, ಒಂದು ಸೊನ್ನೆ ಟಿಕೆಟ್.

ದೂರದ ಕಷ್ಟ ಸರಿಯಾಗಿ ಗೊತ್ತಾಗುವುದು ಕಾಯಿಲೆ ಬಂದಾಗ. ರಾಯಚೂರಿನಲ್ಲಿ ರಿಮ್ಸ್ ಉಂಟು, ಒಪೆಕ್ ಆಸ್ಪತ್ರೆ ಉಂಟು. (ಎಣ್ಣೆ ದೇಶಗಳ ನಿಧಿಯ ನೆರವಿನಿಂದ ಕಟ್ಟಿದ್ದು, ಅದಕ್ಕೇ ಜನರ ಬಾಯಲ್ಲಿ ಒಪೆಕ್ ಅಂತಲೇ ಹೆಸರು. ಗಲ್ಫಿನ ಹಣ ನಮಗಿಂತ ಬೇರೆ ದಾರಿಯಲ್ಲಿ ಅವರಿಗೂ ಬಂದಿದೆ.) ಆದರೂ ದೊಡ್ಡ ಕಾಯಿಲೆ ಅಂದರೆ ಹೈದರಾಬಾದ್, ಬೆಂಗಳೂರು, ಸೊಲ್ಲಾಪುರ. ಅದಕ್ಕೇ ಅಲ್ಲಿನವರು ಏಮ್ಸ್ ಆಸ್ಪತ್ರೆ ನಮ್ಮಲ್ಲೇ ಆಗಲಿ ಅಂತ 2022ರ ಮೇ ತಿಂಗಳಿನಿಂದ ಧರಣಿ ಕೂತರು, ಆ ಧರಣಿ ಸಾವಿರ ದಿನ ದಾಟಿತು. ವಿಮಾನ ನಿಲ್ದಾಣಕ್ಕೂ ಏಮ್ಸಿಗೂ ಒಂದೇ ಸಲ ಆಯ್ಕೆ ಕೊಟ್ಟರೆ ದೇವದುರ್ಗದ ತಾಯಂದಿರು ಯಾವುದನ್ನು ಕೇಳುತ್ತಾರೆ ಅಂತ ಹೇಳಬೇಕಾಗಿಲ್ಲ. ಆಸ್ಪತ್ರೆಗೆ ಹೋಗುವ ದೂರ ಕಡಿಮೆ ಮಾಡಲು ಇರುವ ಒಳ್ಳೆಯ ದಾರಿ ಆಸ್ಪತ್ರೆಯನ್ನೇ ಹತ್ತಿರ ತರುವುದು.

ಮರಣ ಆದರೆ ಇನ್ನೂ ಕಷ್ಟ. ಮಂಗಳೂರಿನ ಕಟ್ಟಡದಿಂದ ಬಿದ್ದು ತೀರಿಹೋದ ಕೂಲಿಯವನ ಮಯ್ಯತ್ ಅವನ ಊರು ತಲುಪಲು ಆಂಬುಲೆನ್ಸಿನಲ್ಲಿ ಹನ್ನೆರಡು ಗಂಟೆಗೆ ಕಡಿಮೆ ಇಲ್ಲ. ಪೋಸ್ಟ್‌ಮಾರ್ಟಂ ಮುಗಿದು ಹೊರಡುವಾಗ ಸಂಜೆಯಾದರೆ ಬೆಳಗಿನ ಜಾವ ಊರು. ಆಂಬುಲೆನ್ಸಿನ ಬಾಡಿಗೆ ಕೇಳಿ ಮನೆಯವರು ಮೊದಲು ಸುಮ್ಮನಾಗುತ್ತಾರೆ, ಆಮೇಲೆ ‘ಇಲ್ಲೇ ಮಣ್ಣು ಕೊಡೋಣ್ರೀ’ ಅನ್ನುತ್ತಾರೆ. ಆಗ ತಾಯಿಗೆ ಮಗನ ಮುಖ ಮೊಬೈಲಿನಲ್ಲೇ ಕೊನೆ. ಗಲ್ಫಿನಲ್ಲಿ ತೀರಿಹೋದ ನಮ್ಮವರ ಮಯ್ಯತ್ ತರಿಸಲು ಎಷ್ಟು ಸಂಘಟನೆಗಳು, ಎಷ್ಟು ವಾಟ್ಸ್‌ಆ್ಯಪ್ ಗುಂಪುಗಳು ರಾತ್ರೋರಾತ್ರಿ ಓಡಾಡುತ್ತವೆ ಅಂತ ನಮಗೆ ಗೊತ್ತು. ಅಲ್ಲಿ ಕಾಗದಪತ್ರಕ್ಕೆ ದಿನಗಳಾಗುತ್ತವೆ, ವಿಮಾನದಲ್ಲಿ ನಾಲ್ಕು ಗಂಟೆ ಸಾಕು. ಇಲ್ಲಿ ಕಾಗದ ಕಡಿಮೆ, ರಸ್ತೆ ಉದ್ದ. ನಮ್ಮ ಜಮಾಅತಿನ ಆಂಬುಲೆನ್ಸುಗಳು ಘಟ್ಟದ ಮೇಲಿನ ಬಾಡಿಗೆಯಲ್ಲಿ ಡೀಸೆಲ್ ಖರ್ಚು ಮಾತ್ರ ತೆಗೆದುಕೊಳ್ಳುವ ಹಾಗೆ ಒಂದು ತೀರ್ಮಾನ ಮಾಡಬಹುದಲ್ಲ? ಇದಕ್ಕೆ ವಿಧಾನಸೌಧದ ಒಪ್ಪಿಗೆ ಬೇಡ.

ಹಜ್ಜಿನ ಪ್ರಯಾಣದಲ್ಲೂ ಇದೇ ಲೆಕ್ಕ. ಮಂಗಳೂರಿನಿಂದ ಕೆಲವು ವರ್ಷ ನೇರ ಹಜ್ ವಿಮಾನ ಇತ್ತು, ಕೋವಿಡ್ ಬಂದಾಗ ನಿಂತಿತು. ಬಜ್ಪೆಯಲ್ಲೇ ಇಹ್ರಾಮ್ ಉಟ್ಟು ಹೊರಡುತ್ತಿದ್ದ ಮುದುಕರಿಗೆ ಬೆಂಗಳೂರಿನವರೆಗಿನ ಘಟ್ಟದ ದಾರಿ ಹೊಸತಾಗಿ ಸೇರಿಕೊಂಡಿತು. ರಾಯಚೂರಿನವರಿಗೆ ಅದು ಯಾವಾಗಲೂ ಇದ್ದದ್ದೇ. ಅವರಿಗೆ ಹತ್ತಿರ ಹೈದರಾಬಾದ್. ಹೈದರಾಬಾದಿನಿಂದ ಜಿದ್ದಾಕ್ಕೆ ಸುಮಾರು 4,100 ಕಿ.ಮೀ., ಆರು ಗಂಟೆಯ ಹಾರಾಟ. ಮಾನ್ವಿಯ ಹಳ್ಳಿಯಿಂದ ಶಂಶಾಬಾದ್‌ಗೆ 250 ಕಿ.ಮೀ. ಕೂಡ ಇರಲಿಕ್ಕಿಲ್ಲ, ಅದಕ್ಕೂ ಆರು ಗಂಟೆ.

ಯರಮರಸ್‌ನಿಂದ ಗಲ್ಫಿಗೆ ನೇರ ವಿಮಾನ ಕನಸಿನ ಮಾತು, ಎಟಿಆರ್ ಅಷ್ಟು ದೂರ ಹೋಗುವುದಿಲ್ಲ. ಹೈದರಾಬಾದ್‌ಗೆ ಹಾರಿಸಿದರೂ ಗಾಳಿಯಲ್ಲಿ ಇರುವ ಹೊತ್ತಿಗಿಂತ ಕಾಯುವ ಹೊತ್ತೇ ಹೆಚ್ಚು. ಇದಕ್ಕಿಂತ ಬೇಗ ಆಗುವ, ಕಡಿಮೆ ಖರ್ಚಿನ ಒಂದು ಕೆಲಸ ಉಂಟು. ಕಾಚಿಗುಡ–ರಾಯಚೂರು ರೈಲಿನ ದಾರಿ ಶಂಶಾಬಾದ್ ನಿಲ್ದಾಣಕ್ಕೆ ಹತ್ತಿರವೇ ಇರುವ ಉಮ್ದಾನಗರದ ಮೇಲೆ ಹೋಗುತ್ತದೆ. ಗಲ್ಫಿನ ವಿಮಾನಗಳ ಹೊತ್ತಿಗೆ ಸರಿಯಾಗಿ ರಾಯಚೂರಿನಿಂದ ಒಂದು ರೈಲು, ಉಮ್ದಾನಗರದಿಂದ ವಿಮಾನ ನಿಲ್ದಾಣಕ್ಕೆ ಒಂದು ಬಸ್. ಹಳಿ ಹಾಕುವ ಕೆಲಸ ಇಲ್ಲ, ಜಮೀನು ತೆಗೆದುಕೊಳ್ಳುವ ಗಲಾಟೆ ಇಲ್ಲ, ವೇಳಾಪಟ್ಟಿಯಲ್ಲಿ ಎರಡು ಸಾಲು ತಿದ್ದಿದರೆ ಆಯಿತು. ಹಜ್ಜಿಗೆ ಹೋಗುವ ಅಜ್ಜಿಗೆ ಕ್ರೂಸರ್ ಬಾಡಿಗೆ ಉಳಿಯುತ್ತದೆ.

ಇನ್ನು ಯರಮರಸ್‌ನ ಮೊದಲ ವಿಮಾನದ ಸಮಯ ಪ್ರಕಟವಾಗುವ ದಿನ ಬರುತ್ತದೆ, ಇನ್‌ಶಾ ಅಲ್ಲಾಹ್. ಪತ್ರಿಕೆಗಳಲ್ಲಿ ಫೋಟೊ ಬರುತ್ತದೆ, ಬೆಂಗಳೂರಿಗೆ ಒಂದು ಗಂಟೆ ಹತ್ತು ನಿಮಿಷ ಅಂತ ದೊಡ್ಡ ಅಕ್ಷರದಲ್ಲಿ ಬರೆಯುತ್ತಾರೆ. ಆವತ್ತು ಅದರ ಪಕ್ಕದಲ್ಲಿ ಇಟ್ಟು ನೋಡಬೇಕಾದ ಇನ್ನೊಂದು ವೇಳಾಪಟ್ಟಿ ಇದೆ. ದೇವದುರ್ಗ ಡಿಪೋದಿಂದ ರಾಯಚೂರಿಗೆ ಮೊದಲ ಬಸ್ ಎಷ್ಟು ಹೊತ್ತಿಗೆ ಬಿಡುತ್ತದೆ, ಮಾನ್ವಿಯಿಂದ ಎಷ್ಟು ಹೊತ್ತಿಗೆ, ಅದು ಯರಮರಸ್ ಗೇಟಿನ ಹತ್ತಿರ ನಿಲ್ಲುತ್ತದೋ ಇಲ್ಲವೋ. ವಿಮಾನ ಬೆಳಿಗ್ಗೆ ಏಳಕ್ಕೆ, ಮೊದಲ ಬಸ್ ತಲುಪುವುದು ಎಂಟಕ್ಕೆ ಅಂತಾದರೆ ಆ ಎಪ್ಪತ್ತು ಸೀಟಿನಲ್ಲಿ ಕೂರುವವರು ಯಾರು ಅಂತ ಅಲ್ಲೇ ಗೊತ್ತಾಗುತ್ತದೆ.